ಪ್ಲೇಟಿನ ಮೇಲಿನ ಹೆಸರು

1928ರ ಅಕ್ಟೋಬರ್ ತಿಂಗಳು. ಅಮೆರಿಕದ ಷಿಕಾಗೊ ನಗರದಲ್ಲಿ ಇಬ್ಬರು ಕಪ್ಪು ಕಲಾವಿದರು ಒಂದು ಗ್ರಾಮಫೋನ್ ಕಂಪನಿಗಾಗಿ ಹಾಡಿದರು. ಒಬ್ಬ ಗಿಟಾರ್ ನುಡಿಸಿದ, ಇನ್ನೊಬ್ಬ ಪಿಯಾನೊ. ಹಾಡು ಮೂರು ನಿಮಿಷದ್ದು. ಅದರ ಪಲ್ಲವಿಗೆ ಎರಡು ಅರ್ಥಗಳಿದ್ದವು. ಒಂದನ್ನು ಮನೆಮಂದಿಯೆಲ್ಲ ಕೂತು ಕೇಳಬಹುದು. ಇನ್ನೊಂದು ತಿಳಿದವರು ತುಟಿಯಂಚಿನಲ್ಲೇ ನಕ್ಕು ಸುಮ್ಮನಾಗಬೇಕಾದದ್ದು. ಪ್ಲೇಟಿನ ನಡುವಿನ ದುಂಡು ಕಾಗದದ ಮೇಲೆ ಹಾಡಿದವರ ಹೆಸರು 'ಟ್ಯಾಂಪಾ ರೆಡ್ ಮತ್ತು ಜಾರ್ಜಿಯಾ ಟಾಮ್' ಎಂದು ಅಚ್ಚಾಯಿತು. 'ಇಟ್ಸ್ ಟೈಟ್ ಲೈಕ್ ದಟ್' ಎಂಬ ಆ ಹಾಡು ಕೆಲವೇ ತಿಂಗಳಲ್ಲಿ ಕಪ್ಪು ಜನರ ಬಡಾವಣೆಗಳಲ್ಲೆಲ್ಲ ಮೊಳಗತೊಡಗಿತು.

ಅದೇ ವರ್ಷ ಅದೇ ಊರಿನಲ್ಲಿ ಇನ್ನೊಂದು ಹಾಡು ಹುಟ್ಟಿತ್ತು. ಅಕಾಲದಲ್ಲಿ ತೀರಿಕೊಂಡ ಗೆಳೆಯನೊಬ್ಬನನ್ನು ನೆನೆದು ಬರೆದ ಭಕ್ತಿಗೀತೆ ಅದು. ಅದರ ಕರ್ತೃ ಥಾಮಸ್ ಎ. ಡಾರ್ಸಿ, ಪಾದ್ರಿಯೊಬ್ಬನ ಮಗ.

ಜಾರ್ಜಿಯಾ ಟಾಮ್ ಮತ್ತು ಥಾಮಸ್ ಡಾರ್ಸಿ ಇಬ್ಬರಲ್ಲ, ಒಬ್ಬನೇ ಮನುಷ್ಯ. ಒಂದೇ ಪಿಯಾನೊದ ಮುಂದೆ ಕೂತು, ಅವೇ ಹತ್ತು ಬೆರಳುಗಳಿಂದ ಎರಡೂ ಬಗೆಯ ಹಾಡು ಕಟ್ಟಿದವನು.

ಕವಿಗಳು ಕಾವ್ಯನಾಮ ಇಟ್ಟುಕೊಳ್ಳುವುದು ನಮಗೆ ಹೊಸದಲ್ಲ. ಅದು ಅಭಿಮಾನದಿಂದ ಧರಿಸುವ ಹೆಸರು. ಕವಿಯ ನಿಜನಾಮ ಮರೆತವರೂ ಅದನ್ನು ಮರೆಯುವುದಿಲ್ಲ. ಆದರೆ ಜಾರ್ಜಿಯಾ ಟಾಮ್‌ನಂಥ ಹೆಸರು ಆ ಜಾತಿಯದಲ್ಲ. ಅದು ಮರೆಮಾಚಲು ಹೊದ್ದ ಕಂಬಳಿ. 1920 ಮತ್ತು 30ರ ದಶಕಗಳ ಅಮೆರಿಕದ ಬ್ಲೂಸ್ ರೆಕಾರ್ಡುಗಳಲ್ಲಿ ಇಂಥ ಕಂಬಳಿ ಹೊದ್ದವರು ಹತ್ತಾರು ಮಂದಿ. ಅವರೇಕೆ ಹೊದ್ದರು, ಹೊದಿಸಿದವರು ಯಾರು, ಲಾಭ ಯಾರಿಗಾಯಿತು ಎಂದು ನೋಡಿದರೆ, ಹಾಡಿನ ಕಥೆಯ ಜೊತೆಗೆ ಮನುಷ್ಯನ ಕಥೆಯೂ ತಿಳಿಯುತ್ತದೆ.

ಕುರ್ಚಿ ಮಾರುವವರ ಸಂಗೀತ

ಬ್ಲೂಸ್ ಎಂಬುದು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದರೂ ಬಡತನದಿಂದ ಬಿಡುಗಡೆಯಾಗದ ಕಪ್ಪು ಜನರ ನಡುವೆ ಹುಟ್ಟಿದ ಹಾಡು. ಅದರ ಕಟ್ಟು ಸರಳ. ಒಂದು ಸಾಲು ಹಾಡುವುದು, ಅದನ್ನೇ ಮತ್ತೊಮ್ಮೆ ಹಾಡುವುದು, ಮೂರನೆಯ ಸಾಲಿನಲ್ಲಿ ಅದಕ್ಕೊಂದು ಉತ್ತರ ಕೊಡುವುದು. ಹತ್ತಿ ಹೊಲದ ಬೆವರು, ಬಿಟ್ಟುಹೋದ ಗಂಡ, ನೆರೆಯಲ್ಲಿ ಕೊಚ್ಚಿಹೋದ ಮನೆ, ರೈಲಿನ ಸಿಳ್ಳೆ ಎಲ್ಲವೂ ಆ ಮೂರು ಸಾಲಿನೊಳಗೆ ಬರುತ್ತಿದ್ದವು.

1920ರಲ್ಲಿ ಮ್ಯಾಮಿ ಸ್ಮಿತ್ ಎಂಬ ಗಾಯಕಿ ಓಕೆ ಕಂಪನಿಗೆ ಹಾಡಿದ 'ಕ್ರೇಜಿ ಬ್ಲೂಸ್' ಭಾರಿ ಸಂಖ್ಯೆಯಲ್ಲಿ ಮಾರಾಟವಾಯಿತು. ಕಪ್ಪು ಜನರೂ ರೆಕಾರ್ಡು ಕೊಳ್ಳುತ್ತಾರೆ ಎಂದು ಕಂಪನಿಗಳಿಗೆ ಆಗ ಹೊಳೆಯಿತು. ಅವರಿಗಾಗಿಯೇ ಬೇರೆ ಪಟ್ಟಿ, ಬೇರೆ ಕ್ರಮಸಂಖ್ಯೆಗಳು ಸಿದ್ಧವಾದವು. ಇವಕ್ಕೆ 'ರೇಸ್ ರೆಕಾರ್ಡು'ಗಳು ಎಂದು ಹೆಸರು. ಷಿಕಾಗೊದ ಕಪ್ಪು ಜನರ ಪತ್ರಿಕೆ 'ಡಿಫೆಂಡರ್'ನಲ್ಲಿ ಚಿತ್ರಸಹಿತ ಜಾಹೀರಾತುಗಳು ಬಂದವು. ಅಂಚೆಯಲ್ಲಿ ದೂರದ ಹಳ್ಳಿಗೂ ಪ್ಲೇಟು ತಲುಪಿತು.

ಈ ವ್ಯಾಪಾರದ ಒಂದು ದೊಡ್ಡ ಹೆಸರು ಪ್ಯಾರಮೌಂಟ್. ಅದರ ಒಡೆತನ ವಿಸ್ಕಾನ್‌ಸಿನ್ ರಾಜ್ಯದ ಒಂದು ಕುರ್ಚಿ ಕಾರ್ಖಾನೆಯದು! ಕಾರ್ಖಾನೆ ಗ್ರಾಮಫೋನ್ ಇಡುವ ಮರದ ಪೆಟ್ಟಿಗೆಗಳನ್ನು ತಯಾರಿಸುತ್ತಿತ್ತು. ಪೆಟ್ಟಿಗೆ ಮಾರಬೇಕಾದರೆ ಅದರೊಳಗೆ ಹಾಡಲು ಪ್ಲೇಟು ಬೇಕಲ್ಲ? ಅದಕ್ಕೇ ಪ್ಲೇಟು ತೆಗೆಯತೊಡಗಿದರು. ಬ್ಲೂಸ್ ಚರಿತ್ರೆಯ ಎಷ್ಟೋ ಅಮೂಲ್ಯ ಹಾಡುಗಳು ಉಳಿದಿರುವುದು ಕುರ್ಚಿ ಮಾರುವವರ ಈ ಲೆಕ್ಕಾಚಾರದಿಂದ.

ಆ ಪ್ಲೇಟಿಗೂ ನಮ್ಮ ದೇಶಕ್ಕೂ ಒಂದು ನಂಟಿದೆ. 78 ಸುತ್ತಿನ ಆ ಕಪ್ಪು ತಟ್ಟೆಯ ಮುಖ್ಯ ಸಾಮಗ್ರಿಗಳಲ್ಲಿ ಒಂದು ಅರಗು. ಪಾಂಡವರನ್ನು ಸುಡಲು ಕೌರವರು ಕಟ್ಟಿಸಿದ ಮನೆಯದೇ ಅರಗು. ಆಗ ಜಗತ್ತಿನ ಮಾರುಕಟ್ಟೆಗೆ ಹೋಗುತ್ತಿದ್ದ ಅರಗಿನ ಬಹುಪಾಲು ಭಾರತದ ಕಾಡುಗಳಲ್ಲಿ, ಮರದ ಕೊಂಬೆಗೆ ಅಂಟಿದ ಹುಳುಗಳಿಂದ ದೊರೆತದ್ದು. ಹಾಡಿದವರು ಮಿಸಿಸಿಪಿಯವರು, ಹಾಡನ್ನು ಹಿಡಿದಿಟ್ಟ ಅರಗು ಇಲ್ಲಿಯದು.

ಅಡುಗೆಮನೆಯ ನೆಪ

ಮೊದಮೊದಲು ಬ್ಲೂಸ್ ಎಂದರೆ ದುಃಖದ ಹಾಡು. 1928ರ ಆ ಪ್ಲೇಟಿನಿಂದ ಇನ್ನೊಂದು ಬಗೆ ಜನಪ್ರಿಯವಾಯಿತು. ಅದಕ್ಕೆ 'ಹೋಕಮ್' ಎಂದರು. ಇದರಲ್ಲಿ ಸಾಲನ್ನು ಎರಡೆರಡು ಸಲ ಹೇಳುವುದಿಲ್ಲ. ಮೊದಲು ಚಟಪಟನೆ ಒಂದು ತಮಾಷೆಯ ಸಂಗತಿ ಹೇಳಿ, ಕೂಡಲೇ ಇಬ್ಬರೂ ಸೇರಿ ಪಲ್ಲವಿಗೆ ಬರುತ್ತಾರೆ. ಕೇಳುಗರಿಗೆ ಪಲ್ಲವಿ ಒಂದೇ ಸಲಕ್ಕೆ ಬಾಯಿಗೆ ಬರುತ್ತದೆ. ಪಲ್ಲವಿಯ ಮಾತು ಅದೇ ಆದರೂ ಪ್ರತಿ ಸಲದ ಸಂಗತಿಗೆ ತಕ್ಕಂತೆ ಅದರ ಅರ್ಥ ಒಂದಿಷ್ಟು ಜಾರುತ್ತದೆ. ನಗು ಹುಟ್ಟುವುದು ಆ ಜಾರುವಿಕೆಯಲ್ಲಿ.

ಒರಟು ಮಾತನ್ನು ನೇರವಾಗಿ ಆಡಿದರೆ ಪ್ಲೇಟು ಅಂಗಡಿಗೆ ಬರುವಂತಿರಲಿಲ್ಲ, ಅಂಚೆಯಲ್ಲಿ ಕಳಿಸುವುದೂ ಕಷ್ಟ. ಹಾಗಾಗಿ ಹಾಡು ಕಟ್ಟುವವರು ಮನೆಬಳಕೆಯ ಸಾಮಾನಿನ ಮೊರೆಹೋದರು. ಕಾಫಿ ಬೀಜ ಪುಡಿಮಾಡುವ ಯಂತ್ರ, ಬ್ರೆಡ್ಡಿನ ಒಲೆ, ಹಣ್ಣಿನ ಬುಟ್ಟಿ, ಮೀನುಗಾರ, ಮಾಂಸದ ಅಂಗಡಿ, ಬೀಗ-ಬೀಗದಕೈ, ಕೆಟ್ಟು ನಿಂತ ಮೋಟಾರು ಕಾರು. ಪಕ್ಕದ ಕೋಣೆಯಲ್ಲಿ ಆಡುವ ಮಗುವಿಗೆ ಅದು ಅಡುಗೆಯ ಹಾಡು. ದುಡಿದು ಬಂದು ಶನಿವಾರ ರಾತ್ರಿ ಕುಣಿಯುವ ದೊಡ್ಡವರಿಗೆ ಅದು ಬೇರೆಯೇ ಹಾಡು. ದ್ವಂದ್ವಾರ್ಥದ ಕಸರತ್ತು ಎಲ್ಲ ಭಾಷೆಗಳಲ್ಲೂ ಇದೆ. ಆದರೆ ಇಡೀ ಒಂದು ಉದ್ಯಮವೇ ಅದನ್ನು ನೆಚ್ಚಿ ವರ್ಷಗಟ್ಟಲೆ ನಡೆದದ್ದು ಕಡಿಮೆ.

ನೆಚ್ಚಲು ಕಾರಣವೂ ಇತ್ತು. 1929ರಲ್ಲಿ ಷೇರುಪೇಟೆ ಕುಸಿಯಿತು. ಅಮೆರಿಕದಲ್ಲಿ 1927ರಲ್ಲಿ ಸುಮಾರು 10 ಕೋಟಿಯಷ್ಟಿದ್ದ ರೆಕಾರ್ಡು ಮಾರಾಟ 1932ಕ್ಕೆ 60 ಲಕ್ಷದ ಆಸುಪಾಸಿಗೆ ಇಳಿಯಿತು. ಎಪ್ಪತ್ತೈದು ಸೆಂಟಿನ ಪ್ಲೇಟನ್ನು ಕೊಳ್ಳುವವರಿಲ್ಲದೆ, ಅಗ್ಗದ ಪ್ಲೇಟುಗಳು ಬಂದವು. ಇಂಥ ಕಾಲದಲ್ಲಿ ಕಂಪನಿಗಳು ಕಲಾವಿದರಿಗೆ ಹೇಳಿದ್ದು ಒಂದೇ ಮಾತು: ನಗಿಸುವ, ಕೆಣಕುವ ಹಾಡು ಕೊಡಿ, ಖರ್ಚಾಗುತ್ತದೆ.

ಒಬ್ಬನಿಗೆ ನಾಲ್ಕು ಹೆಸರು

ಹೆಸರು ಬದಲಿಸುವ ವಿದ್ಯೆಯನ್ನು ಕಂಪನಿಗಳೇ ಮೊದಲು ಕಲಿತವು. ಒಂದೇ ಹಾಡನ್ನು ಮೂರು ನಾಲ್ಕು ಅಗ್ಗದ ಮುದ್ರೆಗಳ ಕೆಳಗೆ, ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಅಂಗಡಿಗೆ ಮಾರುವುದು ರೂಢಿಯಾಯಿತು. ಒಂದು ಕಂಪನಿಗೆ ಬರೆದುಕೊಟ್ಟ ಕಲಾವಿದ ಇನ್ನೊಂದು ಕಂಪನಿಗೆ ಹಾಡಿದರೆ ಅಲ್ಲಿ ಹೊಸ ಹೆಸರು. ಜಾರ್ಜಿಯಾ ಟಾಮ್ ಒಂದೊಂದು ಪ್ಲೇಟಿನಲ್ಲಿ ಟೆಕ್ಸಸ್ ಟಾಮಿಯಾದ, ಮೆಂಫಿಸ್ ಜಿಮ್ ಆದ, ಸ್ಮೋಕ್‌ಹೌಸ್ ಚಾರ್ಲಿಯೂ ಆದ. ಅವನ ಹುಟ್ಟೂರು ಮಾತ್ರ ಜಾರ್ಜಿಯಾದ ವಿಲ್ಲಾ ರಿಕಾ.

ಹೆಸರಿನ ಈ ಆಟ ಎರಡೂ ದಿಕ್ಕಿಗೆ ನಡೆಯುತ್ತಿತ್ತು. ಟೆಕ್ಸಸ್‌ನ ಕುರುಡು ಗಾಯಕ ಬ್ಲೈಂಡ್ ಲೆಮನ್ ಜೆಫರ್‌ಸನ್ ಬ್ಲೂಸ್‌ನಲ್ಲಿ ಹೆಸರುಮಾಡಿದವನು. ಅವನು ಭಕ್ತಿಗೀತೆ ಹಾಡಿದಾಗ ಪ್ಯಾರಮೌಂಟ್ ಅದನ್ನು 'ಡೀಕನ್ ಎಲ್. ಜೆ. ಬೇಟ್ಸ್' ಎಂಬ ಹೆಸರಿನಲ್ಲಿ ಹೊರತಂದಿತು. ಡೀಕನ್ ಎಂದರೆ ಚರ್ಚಿನ ಹಿರಿಯ ಸೇವಕ. ಮಿಸಿಸಿಪಿಯ ಚಾರ್ಲಿ ಪ್ಯಾಟನ್ ಭಕ್ತಿಗೀತೆಯ ಪ್ಲೇಟಿನಲ್ಲಿ 'ಎಲ್ಡರ್ ಜೆ. ಜೆ. ಹ್ಯಾಡ್ಲಿ' ಆದ. ಅದೇ ಪ್ಯಾಟನ್‌ನ ಒಂದು ಬ್ಲೂಸ್ ಪ್ಲೇಟನ್ನು 1929ರಲ್ಲಿ 'ಮುಖವಾಡದ ಅದ್ಭುತ' ಎಂಬರ್ಥದ ಹೆಸರಿನಲ್ಲಿ ಬಿಟ್ಟು, ಹಾಡಿದವರು ಯಾರೆಂದು ಊಹಿಸಿದವರಿಗೆ ಒಂದು ಪ್ಲೇಟು ಉಚಿತ ಎಂದು ಜಾಹೀರಾತು ಕೊಟ್ಟರು. ಪವಿತ್ರ ಹಾಡಿಗೆ ಒಂದು ಹೆಸರು, ಪಾಪದ ಹಾಡಿಗೆ ಇನ್ನೊಂದು. ಗಂಟಲು ಮಾತ್ರ ಅದೇ.

ಜಾಷ್ ವೈಟ್‌ನ ಸಂಗತಿ ಇನ್ನೂ ಮನಮುಟ್ಟುವಂಥದು. ದಕ್ಷಿಣ ಕೆರೊಲಿನಾದ ಈ ಹುಡುಗ ಚಿಕ್ಕಂದಿನಲ್ಲಿ ಕುರುಡು ಗಾಯಕರ ಕೈಹಿಡಿದು ಊರೂರು ಅಲೆದು ಗಿಟಾರ್ ಕಲಿತಿದ್ದ. 1932ರಲ್ಲಿ ಕಂಪನಿಯವರು ಅವನನ್ನು ಹುಡುಕಿಕೊಂಡು ಮನೆಗೆ ಬಂದರು. ಹುಡುಗನಿಗೆ ಇನ್ನೂ ಪ್ರಾಯ ತುಂಬಿರಲಿಲ್ಲ, ತಾಯಿಯ ರುಜು ಬೇಕಿತ್ತು. ದೈವಭಕ್ತೆಯಾದ ಆಕೆ ಒಂದು ಷರತ್ತು ಹಾಕಿದಳು: ಮಗ ದೇವರ ಹಾಡು ಹಾಡಲಿ, ಸೈತಾನನ ಹಾಡು ಬೇಡ. ಕಂಪನಿ ತಲೆಯಾಡಿಸಿತು. ಭಕ್ತಿಗೀತೆಗಳು 'ಹಾಡುವ ಕ್ರೈಸ್ತ ಜಾಶುವಾ ವೈಟ್' ಎಂಬ ಹೆಸರಿನಲ್ಲಿ ಬಂದವು. ಬ್ಲೂಸ್ ಹಾಡುಗಳೂ ಬಂದವು, 'ಪೈನ್‌ವುಡ್ ಟಾಮ್' ಎಂಬ ಹೆಸರಿನಲ್ಲಿ. ತಾಯಿಗೆ ಕೊಟ್ಟ ಮಾತು ಕಾಗದದ ಮೇಲೆ ಉಳಿಯಿತು, ಪೈನ್‌ವುಡ್ ಟಾಮ್‌ನ ಪ್ಲೇಟುಗಳು ಅಂಗಡಿಯಲ್ಲಿ ಖರ್ಚಾದವು.

ಹೆಂಗಸರ ಹೆಸರು

ಈ ವ್ಯಾಪಾರದಲ್ಲಿ ಹೆಚ್ಚು ಕಳೆದುಕೊಂಡವರು ಹೆಂಗಸರು. ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲಿ ಬೆಳೆದ ಲೂಸಿಲ್ ಬೋಗನ್ 1923ರಲ್ಲೇ ತನ್ನ ಹೆಸರಿನಲ್ಲಿ ಹಾಡಿ ಪ್ಲೇಟು ಕೊಟ್ಟವಳು. 1933ರಿಂದ ಆಕೆಯ ಹಾಡುಗಳು 'ಬೆಸ್ಸಿ ಜಾಕ್ಸನ್' ಎಂಬ ಹೆಸರಿನಲ್ಲಿ ಬಂದವು. ಪಿಯಾನೊಗೆ ವಾಲ್ಟರ್ ರೋಲೆಂಡ್. ಕುಡಿತ, ಜೂಜು, ಮೈ ಮಾರಿಕೊಂಡು ಬದುಕುವ ಹೆಂಗಸರ ದಿನಚರಿ, ಗಂಡಸಿನ ಹಂಗಿಲ್ಲದೆ ಬಾಳುವ ಹೆಂಗಸರು — ಸಭ್ಯರ ಮನೆಯಲ್ಲಿ ಯಾರೂ ಎತ್ತದ ವಿಷಯಗಳನ್ನು ಆಕೆ ಸಣ್ಣ ದನಿಯಲ್ಲಲ್ಲ, ನೇರವಾಗಿ ಹಾಡಿದಳು.

1935ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ಆಕೆ 'ಶೇವ್ ಎಮ್ ಡ್ರೈ' ಎಂಬ ಹಾಡನ್ನು ಎರಡು ರೀತಿ ಹಾಡಿದಳು. ಒಂದು ಅಂಗಡಿಗೆ ಬಂತು. ಇನ್ನೊಂದು ಎಷ್ಟು ಬಿಚ್ಚುಮಾತಿನದೆಂದರೆ ಆಗ ಅದು ಮಾರಾಟಕ್ಕೆ ಬರಲೇ ಇಲ್ಲ. ದಶಕಗಳ ನಂತರವಷ್ಟೇ ಸಂಗ್ರಾಹಕರ ಮೂಲಕ ಹೊರಬಿತ್ತು. ಈಗ ಆಕೆಯ ಹೆಸರು ಎತ್ತಿದರೆ ಅನೇಕರಿಗೆ ನೆನಪಾಗುವುದು ಅದೊಂದೇ ಹಾಡು. ಆಕೆ ಹಾಡಿದ ಹಸಿವು, ಬಾಡಿಗೆಯ ಚಿಂತೆ, ಒಂಟಿತನ ಹಿಂದೆ ಸರಿದಿವೆ. 1935ರ ನಂತರ ಕಂಪನಿ ಆಕೆಯನ್ನು ಮತ್ತೆ ಕರೆಯಲಿಲ್ಲ. 1948ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡಳು.

ಜಾರ್ಜಿಯಾ ಟಾಮ್‌ನ ಜೊತೆ ಸರಸದ ಯುಗಳಗೀತೆ ಹಾಡಿದ ಹೆಂಗಸು ಒಂದು ಪ್ಲೇಟಿನಲ್ಲಿ ಜೇನ್ ಲೂಕಸ್, ಇನ್ನೊಂದರಲ್ಲಿ ಹ್ಯಾನಾ ಮೇ, ಮತ್ತೊಂದರಲ್ಲಿ ಕಾನ್ಸಾಸ್ ಸಿಟಿ ಕಿಟ್ಟಿ. ದನಿ ಹೋಲಿಸಿ ನೋಡಿದ ಸಂಶೋಧಕರಲ್ಲಿ ಅನೇಕರು ಇವರೆಲ್ಲ ಮೊಜೆಲ್ ಆಲ್ಡರ್‌ಸನ್ ಎಂಬ ಒಬ್ಬಳೇ ಗಾಯಕಿ ಎನ್ನುತ್ತಾರೆ. ದನಿ ಪ್ಲೇಟಿನಲ್ಲಿ ಇಂದಿಗೂ ಸ್ಪಷ್ಟವಾಗಿ ಕೇಳುತ್ತದೆ. ಅದು ಯಾರದೆಂದು ಹೇಳಲು ವಾದ ಮಾಡಬೇಕಾಗಿದೆ.

ಗಂಡಸರಲ್ಲೂ ಎಲ್ಲರಿಗೂ ಒಳ್ಳೆಯದಾಗಲಿಲ್ಲ. ದ್ವಂದ್ವಾರ್ಥದ ಹಾಡುಗಳಿಗೆ ಹೆಸರಾಗಿದ್ದ ಬೋ ಕಾರ್ಟರ್‌ನ ನಿಜನಾಮ ಆರ್ಮೆಂಟರ್ ಚಾಟ್ಮನ್. ಅವನದು ಮಿಸಿಸಿಪಿಯ ದೊಡ್ಡ ಸಂಗೀತ ಕುಟುಂಬ. ತಂದೆ ಗುಲಾಮಗಿರಿಯ ಕಾಲ ಕಂಡ ಪಿಟೀಲು ವಾದಕ. 1928ರಿಂದ 1940ರವರೆಗೆ ನೂರಕ್ಕೂ ಹೆಚ್ಚು ಹಾಡುಗಳನ್ನು ಧ್ವನಿಮುದ್ರಿಸಿದ ಆತ 1964ರಲ್ಲಿ ಮೆಂಫಿಸ್‌ನಲ್ಲಿ ತೀರಿಕೊಂಡಾಗ ಬಡವನಾಗಿದ್ದ, ಕಣ್ಣೂ ಹೋಗಿತ್ತು.

ಪಾದ್ರಿಯ ಮಗ

ಈಗ ಮತ್ತೆ ಡಾರ್ಸಿಯ ಬಳಿಗೆ ಬರೋಣ. 1899ರ ಜುಲೈ 1ರಂದು ಹುಟ್ಟಿದ ಥಾಮಸ್‌ನ ತಂದೆ ಊರೂರು ಸುತ್ತಿ ಉಪದೇಶ ಮಾಡುವ ಪಾದ್ರಿ. ಹೊಟ್ಟೆಪಾಡಿಗೆ ಕೋರಿನ ಬೇಸಾಯ. ತಾಯಿ ಚರ್ಚಿನಲ್ಲಿ ಆರ್ಗನ್ ನುಡಿಸುವಾಕೆ. ಹೊಲ ನೆಚ್ಚಿ ಬದುಕಲಾಗದೆ ಕುಟುಂಬ ಅಟ್ಲಾಂಟ ನಗರಕ್ಕೆ ಬಂತು. ಹಳ್ಳಿಯಲ್ಲಿ ಪಾದ್ರಿಯ ಮಗನೆಂದು ಇದ್ದ ಮರ್ಯಾದೆ ನಗರದಲ್ಲಿ ಇರಲಿಲ್ಲ. ಶಾಲೆ ಬೇಗನೆ ಬಿಟ್ಟುಹೋಯಿತು. ಹುಡುಗ ಒಂದು ನಾಟಕಶಾಲೆಯಲ್ಲಿ ತಂಪು ಪಾನೀಯ ಮಾರುತ್ತ, ಅಲ್ಲಿ ಪಿಯಾನೊ ನುಡಿಸುವವರ ಬೆರಳುಗಳನ್ನೇ ನೋಡುತ್ತ ವಿದ್ಯೆ ಕಲಿತ. ಹದಿಹರೆಯ ದಾಟುವಷ್ಟರಲ್ಲಿ ಶನಿವಾರದ ಪಾರ್ಟಿಗಳಲ್ಲೂ ಸಭ್ಯರು ಕಾಲಿಡದ ಮನೆಗಳಲ್ಲೂ ನುಡಿಸುತ್ತಿದ್ದ.

ಆ ಕಾಲದಲ್ಲಿ ದಕ್ಷಿಣದ ಲಕ್ಷಾಂತರ ಕಪ್ಪು ಜನ ಉತ್ತರದ ಕೈಗಾರಿಕಾ ನಗರಗಳಿಗೆ ಗುಳೆ ಹೊರಟಿದ್ದರು. ಡಾರ್ಸಿಯೂ ಷಿಕಾಗೊ ಸೇರಿದ. 1924ರಲ್ಲಿ ಆಗಿನ ಪ್ರಸಿದ್ಧ ಗಾಯಕಿ ಮಾ ರೇನಿಯ ತಂಡದ ಪಿಯಾನೊ ವಾದಕನಾದ. ಮರುವರ್ಷ ನೆಟ್ಟಿ ಹಾರ್ಪರ್ ಎಂಬಾಕೆಯನ್ನು ಮದುವೆಯಾದ. ಮಾ ರೇನಿಯ ರಂಗದ ಉಡುಪುಗಳನ್ನು ನೋಡಿಕೊಳ್ಳುವ ಕೆಲಸ ನೆಟ್ಟಿಗೆ ಸಿಕ್ಕಿತು. ಬದುಕು ನೆಟ್ಟಗಾಯಿತು ಎನ್ನುವಷ್ಟರಲ್ಲಿ, 1926ರಲ್ಲಿ, ಡಾರ್ಸಿಯ ಮನಸ್ಸು ಕುಸಿಯಿತು. ಪಿಯಾನೊ ಮುಟ್ಟಲಾಗದು, ಊಟ ಸೇರದು, ಸಾಯಬೇಕೆನ್ನುವ ಯೋಚನೆ. ಹೆಚ್ಚುಕಡಿಮೆ ಎರಡು ವರ್ಷ ಹೀಗೇ ಕಳೆಯಿತು. ಚರ್ಚಿನಲ್ಲಿ ಹಿರಿಯರೊಬ್ಬರು ಹೇಳಿದ ಸಮಾಧಾನದ ಮಾತಿನಿಂದ ಚೇತರಿಸಿಕೊಂಡು, ಇನ್ನು ಮುಂದೆ ದೇವರ ಹಾಡನ್ನೇ ಬರೆಯುತ್ತೇನೆ ಎಂದು ನಿಶ್ಚಯಿಸಿದ.

ನಿಶ್ಚಯವೇನೋ ಒಳ್ಳೆಯದೇ. ಆದರೆ ಮನೆ ನಡೆಯಬೇಕಲ್ಲ? ತನ್ನ ಭಕ್ತಿಗೀತೆಯನ್ನು ಅಚ್ಚುಹಾಕಿಸಿ ನೂರಾರು ಚರ್ಚುಗಳಿಗೆ ಅಂಚೆಯಲ್ಲಿ ಕಳಿಸಿದ. ಬಹುಕಾಲ ಒಂದು ಬೇಡಿಕೆಯೂ ಬರಲಿಲ್ಲ. ಅಂಥ ದಿನಗಳಲ್ಲೇ ಒಂದು ರಾತ್ರಿ ಟ್ಯಾಂಪಾ ರೆಡ್ ತನ್ನ ಹಾಡಿನ ಸಾಲುಗಳನ್ನು ಹಿಡಿದು ಬಂದ, ಸ್ವರ ಹಾಕಿಕೊಡು ಎಂದ. ಡಾರ್ಸಿ ಮೊದಲು ಒಪ್ಪಲಿಲ್ಲ. ಆಮೇಲೆ ಮನೆಯ ಹರುಕು ಮುರುಕು ಸಾಮಾನನ್ನೂ ತಮ್ಮ ಬಟ್ಟೆಬರೆಯನ್ನೂ ಒಮ್ಮೆ ನೋಡಿದೆ, ಒಪ್ಪಿದೆ ಎಂಬರ್ಥದಲ್ಲಿ ಮುಂದೆ ಆತನೇ ಹೇಳಿಕೊಂಡಿದ್ದಾನೆ. ಹೀಗೆ ಹುಟ್ಟಿದ್ದು ಆ 1928ರ ಪ್ಲೇಟು. ಮುಂದಿನ ಮೂರು ನಾಲ್ಕು ವರ್ಷ ಜಾರ್ಜಿಯಾ ಟಾಮ್ ದುಡಿದ, ಥಾಮಸ್ ಡಾರ್ಸಿ ಬರೆದ. ಭಕ್ತಿಗೀತೆಯ ಕಾಗದದ ಖರ್ಚನ್ನೂ ಅಂಚೆಯ ಖರ್ಚನ್ನೂ ಹೊತ್ತದ್ದು ಆ ಪೋಲಿ ಹಾಡುಗಳು.

ಇದನ್ನು ಇಬ್ಬಗೆ ಎಂದು ಜರೆಯುವುದು ಸುಲಭ. ಆದರೆ ಕಂಪನಿಯ ಯಜಮಾನ ಭಾನುವಾರ ತನ್ನ ಚರ್ಚಿಗೆ ಹೋಗಲು ಹೆಸರು ಬದಲಿಸಬೇಕಾಗಿರಲಿಲ್ಲ. ಹಾಡು ಮಾರಿದವನ ಹೆಸರು ಎಲ್ಲಿಯೂ ಮೈಲಿಗೆಯಾಗಲಿಲ್ಲ. ಮೈಲಿಗೆಯೆಲ್ಲ ಹಾಡಿದವನ ಪಾಲಿಗೆ.

ಬಾಗಿಲು ಮುಚ್ಚಿದ ಚರ್ಚುಗಳು

ಡಾರ್ಸಿ ಬರೆದ ಭಕ್ತಿಗೀತೆಗಳಲ್ಲಿ ಮಾತು ದೇವರದು, ನಡೆ ಬ್ಲೂಸ್‌ನದು. ಸ್ವರವನ್ನು ಅರ್ಧ ಬಗ್ಗಿಸಿ ಹಾಡುವುದು, ಪಿಯಾನೊದ ಎಡಗೈಯಲ್ಲಿ ಕುಣಿಯುವ ಲಯ, ಗಾಯಕಿ ಒಂದು ಸಾಲು ಎತ್ತಿದರೆ ಜನ ಉತ್ತರ ಕೊಡಲು ಬಿಡುವ ಎಡೆ, ಎಲ್ಲವೂ ಪಾರ್ಟಿಮನೆಯಲ್ಲಿ ಕಲಿತದ್ದು. ಷಿಕಾಗೊದ ದೊಡ್ಡ ಕಪ್ಪು ಚರ್ಚುಗಳು ಆಗ ಯುರೋಪಿನ ಶಾಸ್ತ್ರೀಯ ಗಾಯನಕ್ಕೆ ಒಲಿದಿದ್ದವು. ಚಪ್ಪಾಳೆ, ಕೂಗು, ಓಲಾಟ ಹಳ್ಳಿಗಾಡಿನ ಲಕ್ಷಣ ಎಂದು ಅಲ್ಲಿಯ ಹಿರಿಯರ ಭಾವನೆ. ಡಾರ್ಸಿ ಎಷ್ಟೋ ಚರ್ಚುಗಳಿಂದ ಹೊರಹಾಕಿಸಿಕೊಂಡ. ದೇವರ ಮನೆಗೆ ಸೈತಾನನ ಸಂಗೀತ ತಂದ ಎಂಬುದು ಆರೋಪ. ಒಂದರ್ಥದಲ್ಲಿ ಅವರು ಸರಿಯಾಗಿಯೇ ಗುರುತಿಸಿದ್ದರು: ಆ ಬೆರಳು ಜಾರ್ಜಿಯಾ ಟಾಮ್‌ನದೇ.

ಆದರೆ ದಕ್ಷಿಣದಿಂದ ಬಂದ ಜನರಿಗೆ ಅದು ತಮ್ಮ ಊರಿನ ದನಿ. ಕಸಾಯಿಖಾನೆಗಳಲ್ಲಿ, ಬೇರೆಯವರ ಅಡುಗೆಮನೆಗಳಲ್ಲಿ ವಾರವಿಡೀ ದುಡಿದು ಬಂದವರಿಗೆ ಅಳಲೂ ನಗಲೂ ಎಡೆಕೊಡುವ ಹಾಡು. 1930ರಲ್ಲಿ ಷಿಕಾಗೊದಲ್ಲಿ ಸೇರಿದ ಬ್ಯಾಪ್ಟಿಸ್ಟರ ರಾಷ್ಟ್ರೀಯ ಸಮಾವೇಶದಲ್ಲಿ ಡಾರ್ಸಿಯ ಗೀತೆ ಜನರನ್ನು ಗೆದ್ದಿತು. 1932ರಲ್ಲಿ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚಿನ ಗಾಯನವೃಂದದ ಹೊಣೆ ಆತನಿಗೆ ಬಂತು. ಆ ಹೊಣೆಯನ್ನು ದಶಕಗಟ್ಟಲೆ ಹೊತ್ತ.

ಅದೇ ವರ್ಷ ಆಗಸ್ಟ್‌ನಲ್ಲಿ ಡಾರ್ಸಿ ಸೇಂಟ್ ಲೂಯಿಸ್ ನಗರದ ಒಂದು ಪ್ರಾರ್ಥನಾ ಸಭೆಗೆ ಹಾಡಲು ಹೊರಟ. ನೆಟ್ಟಿ ತುಂಬು ಬಸುರಿ. ದಾರಿಯಲ್ಲಿ, ಹಾಡಿನ ಕಾಗದಗಳ ಚೀಲ ಮರೆತದ್ದು ನೆನಪಾಗಿ ಹಿಂದಿರುಗಿದ. ಆಕೆ ನಿದ್ದೆಯಲ್ಲಿದ್ದಳು. ಎಬ್ಬಿಸದೆ ಚೀಲ ಎತ್ತಿಕೊಂಡು ಹೋದ. ಸಭೆಯಲ್ಲಿ ಹಾಡುತ್ತಿದ್ದಾಗ ತಂತಿ ಬಂತು. ಹೆರಿಗೆಯಲ್ಲಿ ನೆಟ್ಟಿ ತೀರಿಕೊಂಡಿದ್ದಳು. ರಾತ್ರಿಯಿಡೀ ಪ್ರಯಾಣ ಮಾಡಿ ಮನೆಗೆ ಬಂದರೆ ಗಂಡುಮಗು ಉಸಿರಾಡುತ್ತಿತ್ತು. ಅದೂ ಒಂದು ದಿನದೊಳಗೆ ಹೋಯಿತು. ತಾಯಿ ಮಗುವನ್ನು ಒಂದೇ ಪೆಟ್ಟಿಗೆಯಲ್ಲಿ ಮಣ್ಣುಮಾಡಿದರು.

ದೇವರ ಮೇಲೆ ಡಾರ್ಸಿಗೆ ಸಿಟ್ಟು ಬಂತು. ಇನ್ನು ಭಕ್ತಿಗೀತೆ ಬೇಡ, ತನ್ನ ಹಳೆಯ ಬ್ಲೂಸ್‌ಗೇ ಮರಳುತ್ತೇನೆ ಎಂದುಕೊಂಡ. ಕೆಲವು ದಿನಗಳ ನಂತರ ಗೆಳೆಯ ಥಿಯೊಡೋರ್ ಫ್ರೈ ಆತನನ್ನು ಹತ್ತಿರದ ಪೋರೊ ಕಾಲೇಜಿನ ಪಿಯಾನೊ ಇದ್ದ ಕೋಣೆಗೆ ಕರೆದೊಯ್ದ. ಸಂಜೆ ಹೊತ್ತು. ಬೆರಳು ತಾನಾಗಿ ಒಂದು ಹಳೆಯ ಪ್ರಾರ್ಥನೆಯ ಧಾಟಿ ಹುಡುಕಿತು. ಕೈ ಹಿಡಿದು ನಡೆಸೆಂದು ದೇವರನ್ನು ಬೇಡುವ ಮಾತುಗಳು ಅದಕ್ಕೆ ಕೂಡಿಕೊಂಡವು. 'ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್' ಹುಟ್ಟಿದ್ದು ಹೀಗೆ.

ಈ ಹಾಡು ಮುಂದೆ ಪ್ರಪಂಚ ಸುತ್ತಿತು. ಡಾರ್ಸಿಯ ಜೊತೆ ಊರೂರು ತಿರುಗಿ ಹಾಡಿದ ಮಹಾಲಿಯಾ ಜಾಕ್ಸನ್ ಅದನ್ನು ಜಗತ್ತಿಗೆ ತಲುಪಿಸಿದಳು. 1957ರಲ್ಲಿ ಎಲ್ವಿಸ್ ಪ್ರೆಸ್ಲಿಯೂ ಹಾಡಿದ. ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಅದು ಅಚ್ಚುಮೆಚ್ಚು. 1968ರ ಏಪ್ರಿಲ್ 4ರ ಸಂಜೆ ಮೆಂಫಿಸ್‌ನ ಹೋಟೆಲಿನ ಮೊಗಸಾಲೆಯಲ್ಲಿ ನಿಂತು, ಆ ರಾತ್ರಿಯ ಸಭೆಯಲ್ಲಿ ಅದನ್ನು ನುಡಿಸುವಂತೆ ಅವರು ಸಂಗೀತಗಾರ ಬೆನ್ ಬ್ರಾಂಚ್‌ಗೆ ಹೇಳಿದರು. ಮರುಕ್ಷಣ ಗುಂಡು ತಗುಲಿತು. ಅವರ ಅಂತ್ಯಕ್ರಿಯೆಯಲ್ಲಿ ಮಹಾಲಿಯಾ ಅದನ್ನೇ ಹಾಡಿದಳು. 1972ರಲ್ಲಿ ಮಹಾಲಿಯಾ ತೀರಿಕೊಂಡಾಗ ಅರೀತಾ ಫ್ರಾಂಕ್ಲಿನ್ ಹಾಡಿದ್ದೂ ಅದನ್ನೇ.

ಹೆಸರಿನ ವಿಧಿ ಇಲ್ಲಿಯೂ ಡಾರ್ಸಿಯನ್ನು ಬಿಡಲಿಲ್ಲ. ಟಾಮಿ ಡಾರ್ಸಿ ಎಂಬ ಬಿಳಿಯ ಬ್ಯಾಂಡ್ ನಾಯಕನೊಬ್ಬ ಆಗ ಬಹಳ ಪ್ರಸಿದ್ಧ. ಈ ಹಾಡು ಅವನದೇ ಎಂದು ನಂಬಿದವರು ಬೇಕಾದಷ್ಟು ಮಂದಿ. ಪೋಲಿ ಹಾಡಿಗೆ ಹೆಸರು ಮುಚ್ಚಿಟ್ಟುಕೊಳ್ಳಬೇಕಾಯಿತು, ಪುಣ್ಯದ ಹಾಡಿಗೆ ಹೆಸರು ಇನ್ನೊಬ್ಬನದಾಯಿತು.

ಎರಡು ಪ್ಲೇಟುಗಳು

ಡಾರ್ಸಿ 1993ರ ಜನವರಿ 23ರಂದು ಷಿಕಾಗೊದಲ್ಲಿ ತೀರಿಕೊಂಡ. ಆಗ 93 ವರ್ಷ. ಅಷ್ಟು ಹೊತ್ತಿಗೆ ಆತನನ್ನು 'ಗಾಸ್ಪೆಲ್ ಸಂಗೀತದ ಪಿತಾಮಹ' ಎಂದು ಎಲ್ಲರೂ ಒಪ್ಪಿದ್ದರು. ಮುಪ್ಪಿನಲ್ಲಿ ಸಂದರ್ಶನಕ್ಕೆ ಬಂದವರು ಜಾರ್ಜಿಯಾ ಟಾಮ್‌ನ ಬಗ್ಗೆ ಅಳುಕುತ್ತ ಕೇಳಿದರೆ ಆತ ಅದನ್ನು ಅಲ್ಲಗಳೆಯುತ್ತಿರಲಿಲ್ಲ, ನಾಚಿಕೆಪಡುತ್ತಲೂ ಇರಲಿಲ್ಲ. ಬ್ಲೂಸ್ ಕೂಡ ಮನುಷ್ಯನ ಸಂಕಟದಿಂದಲೇ ಬಂದದ್ದು ಎನ್ನುತ್ತಿದ್ದ. ದಶಕಗಳ ಕಾಲ ಆತ ಹಾಡಿಸಿದ ಪಿಲ್‌ಗ್ರಿಮ್ ಚರ್ಚು 2006ರ ಜನವರಿಯಲ್ಲಿ ಬೆಂಕಿಗೆ ಆಹುತಿಯಾಯಿತು. ಹಾಡುಗಳಿಗೆ ಆ ಗೋಡೆಗಳ ಆಸರೆ ಬೇಕಾಗಿಲ್ಲ.

ಮಕ್ಕಳು ಕೇಳುವ ಹಾಡಿನ ವಿಷಯದಲ್ಲಿ ಮನೆಗಳಲ್ಲಿ ಜಗಳವಾಗದ ಕಾಲವಿಲ್ಲ. ಕಿವಿಗೆ ಒರಟಾಗಿ ಕೇಳಿದ್ದನ್ನು ತಂದೆತಾಯಿಗಳು ಪ್ರಶ್ನಿಸುವುದು ತಪ್ಪೂ ಅಲ್ಲ. ಜಾಷ್ ವೈಟ್‌ನ ತಾಯಿ ಹಾಕಿದ ಷರತ್ತಿನಲ್ಲಿ ಮಗನ ಮೇಲಿನ ಪ್ರೀತಿಯೇ ಇತ್ತು. ಆದರೆ ಹಾಡಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಅದು ಒಳ್ಳೆಯದೋ ಕೆಟ್ಟದ್ದೋ ಎಂಬುದೊಂದೇ ಅಲ್ಲ. ಅದನ್ನು ಹಾಡಿದವರು ಯಾರು, ಹಾಡುವಂತೆ ಮಾಡಿದ ಅಗತ್ಯ ಯಾವುದು, ಹಣ ಯಾರ ಕೈ ಸೇರಿತು, ಅಪಕೀರ್ತಿ ಯಾರ ತಲೆಗೆ ಬಂತು ಎಂದೂ ಮಕ್ಕಳ ಜೊತೆ ಕೂತು ಕೇಳಬಹುದು. ಅದು ಬರಿಯ 'ಬೇಡ' ಎನ್ನುವುದಕ್ಕಿಂತ ದೊಡ್ಡ ಪಾಠ.

ಓದು ಅರ್ಧಕ್ಕೆ ನಿಂತ, ಬೇಡದ ಕಡೆ ದುಡಿದ, ಮನಸ್ಸು ಕೆಟ್ಟು ಎರಡು ವರ್ಷ ಮಲಗಿದ ಹುಡುಗನೊಬ್ಬನನ್ನು 1928ರಲ್ಲಿ ಅಳೆದಿದ್ದರೆ ಆತನಿಗೆ ಸಿಗುತ್ತಿದ್ದ ಅಂಕ ತೀರ ಕಡಿಮೆ. ನಾಲ್ಕು ವರ್ಷದ ನಂತರ ಅದೇ ಕೈ ಬರೆದ ಹಾಡನ್ನು ಲಕ್ಷಾಂತರ ಜನ ತಮ್ಮ ದುಃಖದ ಹೊತ್ತಿನಲ್ಲಿ ಹಾಡಿಕೊಂಡರು. ಪಾರ್ಟಿಮನೆಯಲ್ಲಿ ಕಲಿತ ಆ ಲಯ ಇಲ್ಲದೆ ಹೋಗಿದ್ದರೆ ಆ ಹಾಡು ಅಷ್ಟು ಜನರ ಎದೆಗೆ ತಾಕುತ್ತಿತ್ತೇ ಎಂಬುದು ಅನುಮಾನ.

ಸಂಗ್ರಾಹಕರ ಕಪಾಟಿನಲ್ಲಿ ಇಂದು ಜಾರ್ಜಿಯಾ ಟಾಮ್‌ನ ಪ್ಲೇಟೂ ಇದೆ, 1932ರಲ್ಲಿ ಥಾಮಸ್ ಎ. ಡಾರ್ಸಿ ಎಂಬ ಹೆಸರಿನಲ್ಲೇ ಬಂದ ಭಕ್ತಿಗೀತೆಯ ಪ್ಲೇಟೂ ಇದೆ. ಎರಡನ್ನೂ ಮಾಡಿದ್ದು ಅದೇ ಅರಗಿನಿಂದ. ಕಾಗದದ ಮೇಲಿನ ಹೆಸರು ನೋಡದೆ ಕಣ್ಣು ಮುಚ್ಚಿ ಕೇಳಿದರೆ, ಪಿಯಾನೊದ ಮುಂದೆ ಕೂತವನು ಯಾರೆಂದು ಎರಡು ಸಲ ಕೇಳಬೇಕಾಗುವುದಿಲ್ಲ.